ನಿದ್ದೆ ಹೋದ ಕಂಪ್ಯೂಟರಿನಲ್ಲಿ ನಲವತ್ತಮೂರು ಹೆಸರು

ಪ್ರಾರ್ಥನೆ ಒಂಚೂರು ಚಿಕ್ಕದಾಗಿದ್ದಿದ್ದರೆ ಅದಾರ್ಕ್ವಾನಿಗೆ ಆ ಶುಕ್ರವಾರ ಇಷ್ಟು ಪೇಚಾಟ ಬರುತ್ತಿರಲಿಲ್ಲ. ಆದರೆ ಹಿರಿಯ ಒಪೊಕು ದೇವರ ಜೊತೆ ಮಾತಿಗೆ ಕೂತರೆ ಬೇಗ ಏಳುವವರಲ್ಲ.

ಕೊಫೊರಿಡುವಾ ಪಟ್ಟಣದ ಮಾರುಕಟ್ಟೆ ಬೀದಿಯಲ್ಲಿ ಅದಾರ್ಕ್ವಾನದು ಟೈಪಿಂಗ್ ಅಂಗಡಿ. ಒಪೊಕು ಅವರ ತಮ್ಮ, ಕೋಕೋ ವ್ಯಾಪಾರಿ ಬೆಕೋ ತೀರಿಕೊಂಡಿದ್ದ. ಮರುದಿನ ಬೆಳಿಗ್ಗೆ ಶವಸಂಸ್ಕಾರ. ಬಂದವರ ಕೈಗೆಲ್ಲ ಕೊಡುವ ಪುಸ್ತಿಕೆ ಸಂಜೆ ನಾಲ್ಕು ಗಂಟೆಯೊಳಗೆ ಪ್ರೆಸ್ಸು ಸೇರಬೇಕು, ಆಮೇಲೆ ಅಲ್ಲಿ ಕರೆಂಟಿಲ್ಲ. ಬಾಕಿಯಿದ್ದದ್ದು ಒಂದೇ ಪುಟ, ಮಕ್ಕಳು ಮೊಮ್ಮಕ್ಕಳ ಹೆಸರಿನ ಪುಟ. ಅದಕ್ಕಾಗಿ ಬೆಳಿಗ್ಗೆಯಿಂದ ಅಂಗಡಿಯಲ್ಲಿ ಯುದ್ಧ ನಡೆದಿತ್ತು.

ಬೆಕೋವಿಗೆ ಇಬ್ಬರು ಹೆಂಡಿರು. ಮೊದಲನೆಯವಳ ಹಿರಿಮಗಳು ಸೆರ್ವಾ. ಆದರೆ ಎರಡನೆಯವಳ ಮಗಳು ಅಗ್ನೆಸ್ ಅವಳಿಗಿಂತ ಒಂದು ವರ್ಷ ದೊಡ್ಡವಳು. ಅದು ಹೇಗೆ ಅಂತ ಕೇಳಬೇಡಿ, ಊರಿನಲ್ಲಿ ಯಾರೂ ಕೇಳುವುದಿಲ್ಲ. ಯಾರ ಹೆಸರು ಮೊದಲು? ಬರೆದ ಕಾಗದವನ್ನೆಲ್ಲ ಇಬ್ಬರಲ್ಲೊಬ್ಬರು ಹರಿದುಹಾಕಿದರು. ಕೊನೆಗೆ ಒಪೊಕು ಬಾಯಲ್ಲೇ ತೀರ್ಪು ಕೊಟ್ಟರು: ಸೆರ್ವಾ ಮೇಲೆ, ಅಗ್ನೆಸ್ ಕೆಳಗೆ, ಆದರೆ ದಪ್ಪ ಅಕ್ಷರದಲ್ಲಿ. ಅವರ ಹಿಂದೆ ಆ ಕಡೆಯದೊಂದು, ಈ ಕಡೆಯದೊಂದು, ಒಟ್ಟು ನಲವತ್ತಮೂರು ಹೆಸರು.

ಕೊನೆಯ ಹೆಸರು ಹೊಡೆದು ಅದಾರ್ಕ್ವಾ ಇನ್ನೇನು ಸೇವ್ ಮಾಡಬೇಕು, ಅಷ್ಟರಲ್ಲಿ ಒಪೊಕು "ದೇವರಿಗೆ ವಂದನೆ ಹೇಳೋಣ" ಎಂದು ಕಣ್ಣು ಮುಚ್ಚಿದರು. ಪ್ರಾರ್ಥನೆಯ ನಡುವೆ ಕೀಲಿಮಣೆ ಕುಟ್ಟುವುದುಂಟೇ? ಕೈಕಟ್ಟಿ ನಿಂತ. ಆದಾಮನಿಂದ ಶುರುವಾದದ್ದು ಬೆಕೋವಿನ ಮಂಡಿನೋವಿನ ತನಕ ಬರುವಷ್ಟರಲ್ಲಿ ಕಂಪ್ಯೂಟರೇ ನಿದ್ದೆ ಹೋಗಿತ್ತು.

ಆಮೆನ್ ಆದ ಮೇಲೆ ಮೌಸ್ ಅಲ್ಲಾಡಿಸಿದ. ಊಹೂಂ. ಪವರ್ ಗುಂಡಿ ಮುಟ್ಟಿದ. ಪರದೆ ಬೆಳಗಿ ಪಟ್ಟಿಯ ಕೊನೆಯ ಒಂಬತ್ತು ಹೆಸರು ಕಂಡವು. ಬಾಣದ ಗುರುತು ಮಾತ್ರ ಮಿಸುಕಲಿಲ್ಲ. ಕೀಲಿಮಣೆಯೂ ಅಷ್ಟೇ. ಮೌಸ್ ಮಗುಚಿ ನೋಡಿದರೆ ಅದರ ಹೊಟ್ಟೆಯ ಕೆಂಪು ದೀಪ ಆರಿತ್ತು. ವೈರು ಕಿತ್ತು ಮುಂದಿನ ಯುಎಸ್‌ಬಿ ತೂತಿಗೆ ಚುಚ್ಚಿದ, ಹಿಂದಿನದಕ್ಕೆ ಚುಚ್ಚಿದ. ಒಂದಕ್ಕೂ ಜೀವವಿಲ್ಲ.

"ಏನಾಯ್ತಪ್ಪಾ?" ಸೆರ್ವಾ ಕೇಳಿದಳು.

"ಏನಿಲ್ಲಕ್ಕಾ, ಪ್ರಿಂಟರ್ ಬಿಸಿ ಆಗ್ಲಿ ಅಂತ."

"ಪಟ್ಟಿ ಇದೆ ತಾನೆ? ಅದೇನಾದ್ರೂ ಹೋದ್ರೆ ನಾನಂತೂ ಇನ್ನೊಂದ್ಸಲ ರಾಜಿ ಆಗೋಳಲ್ಲ."

"ಆಹಾ, ಮೇಲೆ ಕೂತಿರೋಳು ನೀನು, ರಾಜಿ ಆದೋಳೂ ನೀನೇನಾ?" ಅಂದಳು ಅಗ್ನೆಸ್.

ಪಟ್ಟಿ ಹೋದರೆ ಪುಸ್ತಿಕೆ ಇಲ್ಲ, ಪುಸ್ತಿಕೆ ಇಲ್ಲದಿದ್ದರೆ ನಾಳೆ ಶವದ ಮುಂದೆಯೇ ಇವರು ಜುಟ್ಟು ಹಿಡಿದುಕೊಳ್ಳುವುದು ಖಂಡಿತ. ಊರೆಲ್ಲ ಬೈಯುವುದು ಮಾತ್ರ ಅದಾರ್ಕ್ವಾನನ್ನು.

ಅಷ್ಟರಲ್ಲಿ ಪಕ್ಕದ ಕ್ಷೌರದಂಗಡಿಯ ಫಿಫಿ, ಗಿರಾಕಿಯ ತಲೆ ಅರ್ಧಕ್ಕೆ ಬಿಟ್ಟು, ಕತ್ತರಿ ಸಮೇತ ಬಂದ. "ಕೆಟ್ಟೋಯ್ತಾ ಗುರೂ? ಆಫ್ ಮಾಡಿ ಆನ್ ಮಾಡು!" ಎಂದು ಸ್ವಿಚ್ಚಿಗೆ ಕೈ ಹಾಕಿಯೇಬಿಟ್ಟ.

"ಮುಟ್ಬೇಡ್ವೋ ಮಾರಾಯಾ!" ಅದಾರ್ಕ್ವಾ ಅವನ ಕೈ ಹಿಡಿದು ಕಿವಿಯಲ್ಲಿ ಉಸುರಿದ, "ಸೇವ್ ಆಗಿಲ್ಲ."

ಫಿಫಿ ಕೈ ಹಿಂದಕ್ಕೆಳೆದುಕೊಂಡ. "ಹಾಗಾದ್ರೆ ಪವರ್ ಗುಂಡಿ ಮೆಲ್ಲಗೆ ಒಂದ್ಸಲ ಒತ್ತು. ಮತ್ತೆ ಮಲಗ್ಸು, ಮತ್ತೆ ಎಬ್ಬಿಸು. ನಮ್ಮ ಭಾವಂದು ಹಾಗೇ ಸರಿಹೋಗಿತ್ತು."

"ಮಲಗೋ ಬದ್ಲು ಪೂರ್ತಿ ಆಫ್ ಆದ್ರೆ?"

"ಆದ್ರೆ ನಾನು ಈ ಕಡೆ ಬಂದೇ ಇಲ್ಲ ಅಂದ್ಕೋ," ಎಂದು ಫಿಫಿ ಜಾಗ ಖಾಲಿ ಮಾಡಿದ.

ಮೂರೂವರೆ ಆಗಿತ್ತು. ಬೇರೆ ದಾರಿಯೇ ಇರಲಿಲ್ಲ. ಅದಾರ್ಕ್ವಾ ಗಂಟಲು ಸರಿಮಾಡಿಕೊಂಡ. "ಹಿರಿಯರೇ, ಪ್ರೆಸ್ಸಿಗೆ ಹೋಗೋ ಮುಂಚೆ ಇನ್ನೊಂದು ಪ್ರಾರ್ಥನೆ ಆಗ್ಬಿಡ್ಲಿ. ಎಲ್ಲಾರೂ ಕಣ್ಣು ಮುಚ್ಕೊಳ್ಳಿ."

"ಟೈಪ್ ಮಾಡೋರಲ್ಲಿ ಇಂಥ ಭಕ್ತನ್ನ ನಾನು ಕಂಡಿರ್ಲಿಲ್ಲ!" ಒಪೊಕು ಹಿಗ್ಗಿಹೋದರು. ಈ ಸಲ ಅವರು ಆದಾಮನನ್ನು ಬಿಟ್ಟರು. ಈ ಇಬ್ಬರು ಹೆಣ್ಣುಮಕ್ಕಳು ಚಿಕ್ಕಂದಿನಲ್ಲಿ ಅಪ್ಪನ ಎರಡು ತೊಡೆಯ ಮೇಲೆ ಕೂತು ಒಂದೇ ಬೋಗುಣಿಯಲ್ಲಿ ಫುಫು ಮುದ್ದೆ ತಿಂದದ್ದನ್ನು ದೇವರಿಗೆ ನೆನಪಿಸತೊಡಗಿದರು.

ಅದಾರ್ಕ್ವಾ ಗುಂಡಿ ಒತ್ತಿದ. ಪರದೆ ಕಪ್ಪಾಯಿತು. ಫ್ಯಾನಿನ ಸದ್ದೂ ನಿಂತಿತು. ಮಲಗಿತೋ, ಸತ್ತಿತೋ? ಇಪ್ಪತ್ತು ಎಣಿಸಿ ಮತ್ತೆ ಒತ್ತಿದ. ಪರದೆ ಬೆಳಗಿತು, ಒಂಬತ್ತು ಹೆಸರೂ ಬಂದವು. ಮೌಸ್ ಮಗುಚಿದ. ಕೆಂಪು ದೀಪ! ಸೇವ್ ಮಾಡಿ, ನಂಬಿಕೆ ಸಾಲದೆ ಇನ್ನೊಮ್ಮೆ ಸೇವ್ ಮಾಡಿ, ಎಲ್ಲರಿಗಿಂತ ಗಟ್ಟಿಯಾಗಿ "ಆಮೆನ್" ಎಂದ.

ತಿರುಗಿ ನೋಡಿದರೆ ಸೆರ್ವಾ, ಅಗ್ನೆಸ್ ತಬ್ಬಿಕೊಂಡು ಅಳುತ್ತಿದ್ದರು.

"ಅಕ್ಕಾ, ನಿನ್ನ ಹೆಸ್ರೇ ಮೊದ್ಲು ಇರ್ಲಿ. ದಪ್ಪ ಅಕ್ಷರಾನೂ ನಿಂಗೇ," ಅಂದಳು ಸೆರ್ವಾ.

"ಛೆ ಛೆ, ದೊಡ್ಡಮ್ಮನ ಮಗಳು ನೀನು. ನೀನೇ ಮೇಲಿರು ತಂಗೀ."

"ಆಗಲ್ಲ, ನಾನು ಬಿಟ್ಕೊಟ್ಟಾಯ್ತು."

"ನೀನ್ಯಾವಳೇ ಬಿಟ್ಕೊಡೋಕೆ? ವಯಸ್ಸಲ್ಲಿ ದೊಡ್ಡೋಳು ನಾನು, ಬಿಟ್ಕೊಡೋಳೂ ನಾನೇ!"

ಅಪ್ಪಿದ ಕೈಗಳು ಸೊಂಟಕ್ಕೆ ಹೋದವು. ಒಪೊಕು ಕಣ್ಣೊರೆಸಿಕೊಂಡು ಕುರ್ಚಿ ಎಳೆದು ಕೂತರು. "ಅದಾರ್ಕ್ವಾ, ಆ ಪಟ್ಟಿ ಅಳಿಸ್ಬಿಡಪ್ಪ. ಮೊದಲಿಂದ ಶುರು ಮಾಡೋಣ."

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಅದಾರ್ಕ್ವಾ ಕೀಲಿಮಣೆಗೆ ಕೈ ಹಚ್ಚಿದ. ಅಳಿಸುವ ಗುಂಡಿ ಬೆರಳು ತಾಗಿದ್ದೇ ತಡ ಕೆಲಸ ಮಾಡಿತು.