ಉಸುಕು ತಿಂದು ಅಲ್ಯುಮಿನಿಯಂ ಕೊರದ ಮಶೀನು

ಮನಿ ಹಿತ್ತಲದಾಗ ಒಂದು ಮಶೀನು ಕಟ್ಟಾಕ ಕುಂತ್ರ ಆತು, ನಗೂ ಪ್ರಸಂಗ ಹುಡುಕ್ಕೊಂಡ ಹೋಗೂದ ಬ್ಯಾಡ, ಅವ ಚಪ್ಪಲಿ ಬಿಟ್ಟು ಒಳಗ ಬರ್ತಾವ. ನಾ ಸಾಂಗ್ಲಿಯೊಳಗ ಒಂದು ಕಾರಖಾನೆದಾಗ ಹನ್ನೆರಡು ವರ್ಷ ಲೇಥ್ ನಡಸಿದಾಂವ. ಊರು ದಬಾದಬಾ ಬೆಳ್ಯಾಕತ್ತಿದ ಕಾಲ ಅದು. ಎಲ್ಲಿ ನೋಡಿದ್ರೂ ಹೊಸಾ ಬಿಲ್ಡಿಂಗು, ಕಿಡಕಿಗೆ ಅಲ್ಯುಮಿನಿಯಂ, ಅಂಗಡಿ ಬೋರ್ಡಿಗೆ ಅಲ್ಯುಮಿನಿಯಂ. ನನ್ನ ತಲ್ಯಾಗೂ ಅದ ಹೊಕ್ಕಿತ್ತು.

ಗಾಜಿನ ಖೋಲಿ

ನಮ್ಮ ಕಾರಖಾನೆಗೆ ಪರದೇಶದಿಂದ ಒಂದು ಸಿಎನ್‌ಸಿ ಮಶೀನು ಬಂತು. ಕಂಪ್ಯೂಟರಿನ್ಯಾಗ ಚಿತ್ರ ಹಾಕಿದ್ರ ಸಾಕು, ತಾನ ಸರದಾಡಿ ತಾನ ಕೊರಿಯೋದು. ಅದಕ್ಕ ಗಾಜಿನ ಖೋಲಿ, ಎಸಿ. ಒಳಗ ಹೋಗವ್ರು ಗುಡಿಗೆ ಹೋದಂಗ ಬೂಟು ಹೊರಗ ಬಿಡಬೇಕು. ನಾ ದಿನಾ ಊಟದ ಸುಟ್ಟಿಯೊಳಗ ಕೈಯಾಗ ಭಕ್ರಿ ಹಿಡಕೊಂಡು ಗಾಜಿಗೆ ಮೂಗು ಹಚ್ಚಿ ನಿಂದರತಿದ್ದೆ. ಎಲ್ಲಿ ನಿಂದರಬೇಕು ಅನ್ನೂದು ಅದಕ್ಕ ಹೆಂಗ ತಿಳೀತದ್ರಿ ಅಂತ ಫೋರಮನ್ ಸಾಹೇಬ್ರನ್ನ ಕೇಳಿದೆ. ನಿಂಗ್ಯಾಕ ಬೇಕೋ, ನೀ ಭಕ್ರಿ ತಿನ್ನು ಅಂದ್ರು.

ಒಂದಿನ ಮಧ್ಯಾಹ್ನ ಕರೆಂಟ್ ಹೋತು. ಎಸಿ ಬಂದಾತು. ಮಶೀನಕ್ಕ ಶೆಕಿ ಆದೀತು ಅಂತ ಫೋರಮನ್ನರ ಜೀವ ಹೊಯ್ದಾಡಿ, ನಾಕು ಮಂದಿ ಕೈಯಾಗ ರಟ್ಟು ಕೊಟ್ಟು ಗಾಳಿ ಹಾಕ್ರಿ ಅಂದ್ರು. ಹನ್ನೆರಡು ವರ್ಷದಾಗ ನಮಗೊಂದು ಫ್ಯಾನು ಹಾಕಿಸಿದವ್ರಲ್ಲ. ನಾ ಬೂಟು ಕಳದು ಎಲ್ಲಾರಗಿಂತ ಮೊದಲ ಒಳಗ ನುಗ್ಗಿದೆ. ಗಾಳಿ ಹಾಕೂ ನೆವದಾಗ ಅದರ ಹೊಟ್ಟಿ ಪೂರಾ ನೋಡಿಬಿಟ್ಟೆ. ಎರಡು ಹಳಿ, ಉದ್ದಂದೊಂದು ಸ್ಕ್ರೂ, ತುದಿಗೊಂದು ಮೋಟಾರು. "ಇಷ್ಟ ಏನು?" ಅಂದೆ.

ಆ "ಇಷ್ಟ ಏನು" ನನ್ನ ಎರಡು ವರ್ಷದ ರವಿವಾರ ನುಂಗಿತು.

ಚಲೋ ಮೋಟಾರು

ಮೋಟಾರು ಹುಡುಕ್ಕೋಂತ ಮಿರಜದ ಒಬ್ಬ ಗುಜರಿ ಕಾಕಾನ ಹಂತ್ಯಾಕ ಹೋದೆ. ಹಳೇ ಪ್ರಿಂಟರು, ಝೆರಾಕ್ಸ್ ಮಶೀನು ಒಡದು ಮೋಟಾರು ಗುಡ್ಡಿ ಹಾಕಿದ್ದ. ನನಗ ಬೇಕಾದ ಜಾತಿ ಮೋಟಾರಿನ ಗುಣಾ ಏನಂದ್ರ, ಕೈಲೆ ತಿರುವಿದ್ರ ಕಟಕ್ ಕಟಕ್ ಅಂತ ಹಿಡದು ಹಿಡದು ತಿರಗತೈತಿ. ಹಂಗಿದ್ರನ ಅದು ಜೀವಂತ.

ಕಾಕಾ ಪಾಪ ಭಾಳ ಪ್ರಾಮಾಣಿಕ ಮನಶ್ಯಾ. ಇವು ಹತ್ತೂ ಜಾಮ್ ಆಗ್ಯಾವ, ಎಣ್ಣಿ ಬಿಟ್ಟು ನೋಡೇನಿ, ಸುಧಾರಸವಲ್ವು, ಒಯ್ಯಬ್ಯಾಡ ಅಂತ ಕೈ ಹಿಡಕೊಂಡ ಹೇಳಿದ. ನಾ ಹತ್ತೂ ಚೀಲಕ್ಕ ಹಾಕ್ಕೊಂಡೆ. ಕೆಟ್ಟ ಮಾಲು ಕೊಟ್ಟೆನಲ್ಲಾ ಅಂತ ಅಂವಗ ಎಷ್ಟು ಕೆಟ್ಟನಿಸ್ತಂದ್ರ, ನನಗ ಚಾ ತರಿಸಿ ಕುಡಿಸಿದ. ಹನ್ನೊಂದನೇದು ಮಾತ್ರ ಕಪಾಟಿನ್ಯಾಗ ಅರಿವ್ಯಾಗ ಸುತ್ತಿ ಇಟ್ಟಿದ್ದ. ಅದನ್ನ ಬಿಚ್ಚಿ ತೊಳದು ಮತ್ತ ಕೂಡಿಸಿದ್ದನಂತ, ಈಗ ಬೆಣ್ಣಿಹಂಗ ತಿರಗತಿತ್ತು. ಬಿಚ್ಚಿದಾಗ ಒಳಗಿನ ಚುಂಬಕದ ಶಕ್ತಿ ಹೋಗಿ ಅದು ಸತ್ತಿತ್ತು ಅಂತ ನಾ ಹೆಂಗ ಹೇಳ್ಲಿ?

"ಇದೊಂದ ಚಲೋ ಐತಿ," ಅಂದ ಕಾಕಾ. "ಇದನ್ನ ಮಾತ್ರ ನಾ ಯಾರಿಗೂ ಕೊಡಾಂವಲ್ಲ."

ಉಸುಕು

ಕಬ್ಬಿಣದ ಚೌಕ ಪೈಪಿನ್ಯಾಗ ಚೌಕಟ್ಟು ಆತು, ಕಾಕಾನ ಮೋಟಾರಿಗೆ ವೈರು ಎಳದು ಒಂದು ಹಳೇ ಕಂಪ್ಯೂಟರಿಗೆ ಜೋಡಿಸಿದೆ, ಕೊರಿಯೋ ಮೋಟಾರು ಕೂತಿತು. ಅಲ್ಯುಮಿನಿಯಂಗೆ ಮುಟ್ಟಿಸಿದ್ರ ಇಡೀ ಚೌಕಟ್ಟು ನಡಗಿ ಕಿಂಯ್ ಅಂತ ಓಣಿಗೆಲ್ಲಾ ಕೇಳೂವಂಗ ಒದರತಿತ್ತು. ಕೊರದ ಅಂಚು ಕರಗಸದ ಹಲ್ಲಾಗಿರತಿತ್ತು. ಬೋಲ್ಟು ಬಿಗಿ ಮಾಡಿ ಮಾಡಿ ನನ್ನ ರಟ್ಟಿ ಬಿದ್ದು ಹೋದವು.

ಮಿರಜದಾಗ ಸಿತಾರ ಮಾಡೋ ಒಬ್ಬ ಚಾಚಾ ನಮ್ಮಪ್ಪನ ಕಾಲದಿಂದ ಪರಿಚಯ. ಬಂದು ನೋಡ್ರಿ ಅಂತ ಕರಕೊಂಡ ಬಂದೆ. ಅವರು ಮಶೀನು ನೋಡಲೇ ಇಲ್ಲ. ಕಣ್ಣು ಮುಚ್ಚಿ, ಬಟ್ಟಿನ ಗಣಿಕಿಲೆ ಪೈಪು ಟಕ್ ಟಕ್ ಬಡಕೋಂತ ಸುತ್ತೂ ಒಂದು ಫೇರಿ ಹಾಕಿದ್ರು. ಆಮ್ಯಾಲೆ, ಇದು ಭಾಳ ಚಲೋ ಬಾಜಾ ಐತಿ, ಅದ ಇದರ ರೋಗ ಅಂದ್ರು.

"ಬ್ಯಾಟಾ, ನಾವು ಜೀವನಪೂರ್ತಿ ವಸ್ತು ನುಡೀಲಿ ಅಂತ ಒದ್ದಾಡವ್ರು. ನಿಂದು ನುಡೀಬಾರದು. ಹಂಗಾದ್ರ ನಾವು ಏನೇನು ಮಾಡೂದಿಲ್ಲ, ಅದನ್ನಷ್ಟೂ ಮಾಡು."

ಸಿತಾರದ ಕುಂಬಳಬುರುಡಿ ಪೊಳ್ಳು ಇರಬೇಕು, ಅಂದಮ್ಯಾಲೆ ನನ್ನ ಪೈಪು ಗಟ್ಟಿ ಇರಬೇಕು. ಉಸುಕು ತಂದು, ಹಂಚಿನ ಮ್ಯಾಲೆ ಹುರದು ಒಣಗಿಸಿ, ಪೈಪಿನ ಬಾಯಾಗ ಲಾಳಿಕಿ ಇಟ್ಟು ಸುರವಿದೆ. ನಡುಗೂದು ಬಂದಾತು! ನಾ ಕುಣ್ಯಾಕತ್ತಿದ್ದೆ. ಅವ್ವ ಮಾತ್ರ ಕರ್ರಗಾದ ತನ್ನ ಹಂಚು ನೋಡಿ, ಮಗ್ಗಲಮನಿ ಮಾವಶಿಗೆ ಕೇಳೂವಂಗ ಅಂದ್ಲು: "ಮನಿ ಕಟ್ಟವ್ರಿಗೆ ಉಸುಕು ಸಿಗವಲ್ತು. ನನ್ನ ಮಗ ಅದನ್ನ ಹುರದು ಕಬ್ಬಿಣಕ್ಕ ಉಣಸಾಕತ್ತಾನ."

ಚಮಕಿ

ಕೊರದ ಮ್ಯಾಲೆ ಸಣ್ಣ ಸಣ್ಣ ಅಲ್ಯುಮಿನಿಯಂ ಚೂರು ಮನಿತುಂಬ. ಹಾಸಿಗ್ಯಾಗ, ಬ್ಯಾಳ್ಯಾಗ, ನನ್ನ ಮೀಸ್ಯಾಗ. ನನ್ನ ಹೆಂಡತಿ ಹಿತ್ತಲದ ಶೆಡ್ಡಿಗೆ ಚಾ ಕೊಡಾಕ ಬಂದು, ಹಂಗ ಒಂದು ಲಗ್ನಕ್ಕ ಹೋದ್ಲು. ಮಂಟಪದ ದೀಪದಾಗ ಆಕಿ ತಲಿ ಫಳಫಳ ಹೊಳದು, ಹೆಣ್ಣಮಕ್ಕಳೆಲ್ಲಾ ಮದುಮಗಳನ್ನ ಬಿಟ್ಟು ಆಕಿನ್ನ ನೋಡಿದ್ರಂತ. ಇದು ಯಾವ ಪಾರ್ಲರಿಂದು ಅಂತ ಒಬ್ಬಾಕಿ ಕೇಳಿದ್ಲು. ಇಕಿ, ನಮ್ಮ ಮನಿಯಾಗ ಮಾಡ್ತಾರ ಅಂದು ಬಂದಳು. ಮರುದಿನ ಇಬ್ಬರು ಡಬ್ಬಿ ಹಿಡಕೊಂಡು ಬಾಗಲದಾಗ ಹಾಜರ್. ನನ್ನ ಮಶೀನಿಗೆ ಬಂದ ಮೊದಲನೇ ಗಿರಾಕಿ ಅವರ.

ಮುಹೂರ್ತ

ಖರೇ ಗಿರಾಕಿ ಆಮ್ಯಾಲೆ ಬಂದ್ರು. ಮಿರಜದ ದವಾಖಾನಿಗಳಿಗೆ ವ್ಯಾಯಾಮದ ಯಂತ್ರ ಮಾಡಿಕೊಡವ್ರು. ಅವರಿಗೆ ಮ್ಯಾಲೆ ಇಂಗ್ರೇಜಿ ಅಕ್ಷರ ಕೊರದ ಐದು ಅಲ್ಯುಮಿನಿಯಂ ಪಟ್ಟಿ ಬೇಕಿದ್ದವು. ಚಲೋ ಆದ್ರ ಕಾಯಂ ಕೆಲಸಾ ನಿಮಗ ಅಂದ್ರು. ಆವಾಗ ನಾ ಕಾರಖಾನೆದಾಗ ಮೂರು ತಿಂಗಳ ರಜಾದ ಮ್ಯಾಲೆ ಇದ್ದೆ, ಮುಗ್ಯಾಕ ನಾಕು ದಿನಾ ಉಳದಿತ್ತು. ಪಟ್ಟಿ ಪಾಸಾದ್ರ ಈ ಶೆಡ್ಡ ನನ್ನ ಕಾರಖಾನೆ. ಕೆಟ್ರ ಸೋಮವಾರ ಹೊಳ್ಳಿ ಫೋರಮನ್ನರ ಮುಂದ ಕೈ ಕಟಗೊಂಡು ನಿಂದ್ರೂದು.

ಗಿರಾಕಿ ತಾವ ಅಲ್ಯುಮಿನಿಯಂ ಹಾಳಿ ತಗೊಂಡು ಬಂದು ಕುಂತ್ರು. ಐದು ಪಟ್ಟಿಗೆ ಸರಿಯಾಗೂವಷ್ಟ, ಒಂದು ಬಟ್ಟು ಹೆಚ್ಚಿಲ್ಲ. ನಾ ಶುರು ಮಾಡೂದ್ರಾಗ ಅವ್ವ ಅಡ್ಡ ಬಂದ್ಲು. ನಾವು ಜೈನರು, ಆಕಿ ದಿನಾ ಬಸದ್ಯಾಗ ಅಕ್ಕೀಲೆ ಸ್ವಸ್ತಿಕ ಬರದ ನೀರು ಕುಡಿಯಾಕಿ. ಮೊದಲ ಸ್ವಸ್ತಿಕ ಆಗಬೇಕು ಅಂದ್ಲು. ಕುಂಕುಮದ್ದು ಬರದು ಬಿಡು ಅಂದೆ. ಒಲ್ಲೆ, ಮಶೀನು ತನ್ನ ಕೈಲೆ ತಾನ ಮಾಡ್ಲಿ ಅಂತ ಹಟಾ ಹಿಡದ್ಲು. ಸಿಟ್ಟು ನೆತ್ತಿಗೇರಿತು, ಆದ್ರ ಗಿರಾಕಿ ಮುಂದ ಏನ ಮಾಡ್ಲಿ? ಕೆಲಸಕ್ಕ ಬಾರದ ಒಂದು ಮೋಡಕಾ ತುಕಡಿ ಹಾಕಿ ಆರಪಾರ ಕೊರಿಸಿದೆ.

ಸ್ವಸ್ತಿಕ ಅಗದಿ ಚೂಪಾಗಿ ಬಂತು. ಖರೆ, ಉಲ್ಟಾ ಬಂತು.

ಪರದೆ ಮ್ಯಾಲೆ ಸರಿ ಇತ್ತು, ತುಕಡಿ ಮ್ಯಾಲೆ ಎಡದ್ದು ಬಲಕ್ಕ. ಒಂದು ಮೋಟಾರಿನ ವೈರು ಅದಲಿಬದಲಿ ಜೋಡಿಸಿದ್ದೆ. ಮೂರು ತಿಂಗಳು ನಾ ಬರೇ ಗೋಲ, ಚೌಕ ಕೊರದು ಮೀಸಿ ತಿರುವಿದಾಂವ. ಗೋಲಕ್ಕ ಎಡ ಯಾವುದು, ಬಲ ಯಾವುದು? ಅವ್ವ ಹಟಾ ಹಿಡೀದ ಇದ್ರ ಐದೂ ಪಟ್ಟಿ ಕನ್ನಡಿಯೊಳಗ ನೋಡಿ ಓದಬೇಕಾಗತಿತ್ತು. ಗಿರಾಕಿ ಮುಖಾ ಹುಳ್ಳಗ ಮಾಡಿ ತಮ್ಮ ಹಾಳಿ ಮ್ಯಾಲೆ ಕೈ ಇಟಗೊಂಡ್ರು. ಅಪಶಕುನ ಅಂತ ಅವ್ವ ಅತ್ತಾಳೇನೋ ಅಂತ ನಾ ತಲಿ ಎತ್ತಲಿಲ್ಲ.

ಅವ್ವ ಅದನ್ನ ಎತ್ತಿ ನೋಡಿದ್ಲು, ದ್ವಾಸಿ ತಿರುವಿದಂಗ ತಿರುವಿದ್ಲು. ಸರಿ ಆತು. ಒಯ್ದು ದೇವರ ಮುಂದ ಇಟ್ಟು, ಏನೂ ಆಗಿಲ್ಲ ಅನ್ನೂವಂಗ ಚಾಕ್ಕ ಇಟ್ಲು.

ನಾ ಆ ವೈರು ಬಿಚ್ಚಿ ಸರಿ ಜೋಡಿಸಿದೆ. ಸಂಜಿ ಅನ್ನೂದ್ರಾಗ ಐದೂ ಪಟ್ಟಿ ಸುರಳೀತ ಆದವು. ಗಿರಾಕಿ ಒಂದೊಂದ ಅಕ್ಷರ ಬಟ್ಟು ಆಡಿಸಿ ನೋಡಿ, ಸೋಮವಾರ ಮುಂದಿನ ಹಾಳಿ ಕಳಸ್ತೇನಿ, ಕಾರಖಾನೆಗೆ ಹೋಗಬ್ಯಾಡ್ರಿ ಅಂದ್ರು. ನನ್ನ ಕಣ್ಣು ತುಂಬಿ ಬಂದವು, ಚೂರು ಬಿತ್ತು ಅಂತ ಒರಸಿಕೊಂಡೆ.

ಹೋಗೂ ಮುಂದ ಗಿರಾಕಿ ಒಂದು ಪಟ್ಟಿ ಅವ್ವನ ಕೈಯಾಗ ಕೊಟ್ಟು, ನೀವೂ ಒಮ್ಮೆ ನೋಡಿ ಪಾಸ್ ಮಾಡ್ರಿ ಅಂದ್ರು. ಅವ್ವ ಸೆರಗಿಲೆ ಒರಿಸಿ, ಹಿಂದ ಮುಂದ ತಿರುವ್ಯಾಡಿ ಹೊಳ್ಳಿ ಕೊಟ್ಲು.

"ನನಗ ಇಂಗ್ರೇಜಿ ಓದಾಕ ಬರೂದಿಲ್ಲಪಾ," ಅಂದ್ಲು. "ಉಲ್ಟಾ ಇದ್ರ ನೀವ ತಿರುವಿ ಹಾಕ್ಕೊರಿ."