ಬಚ್ಚಲಿನ ಗರಡಿ

ಬಚ್ಚಲುಮನೆಯ ಬಾಗಿಲಿಗೆ ಮಾವಿನೆಲೆ ಕಟ್ಟಿದ್ದನ್ನು ಕಂಡೇ ಹೊಸ ಯಂತ್ರ ಬಂತೆಂದು ವಿಶಾಲಾಕ್ಷಿಗೆ ಗೊತ್ತಾಯಿತು. ಬಣ್ಣದ ಕಾರ್ಖಾನೆಯಲ್ಲಿ ರಸಾಯನ ಪರೀಕ್ಷಕನಾಗಿದ್ದ ಗಂಡ ಗುರುಮಲ್ಲಪ್ಪ ಕೆಲಸ ಬಿಟ್ಟು ಮನೆ ಸೇರಿದ ಮೇಲೆ ಮಾಡಿದ ಯಂತ್ರಗಳಲ್ಲಿ ಒಂದೂ ಸುಖ ಕೊಟ್ಟದ್ದಿಲ್ಲ. ದೋಸೆ ಮಗುಚುವ ಯಂತ್ರವಂತೂ ಕಾದ ಹಂಚನ್ನೇ ಪಕ್ಕದ ಮನೆಯ ತಾರಸಿಗೆ ಎಸೆದಿತ್ತು.

“ನೋಡು ವಿಶಾಲು, ಇದು ಸೂಕ್ಷ್ಮಾಣು ಗರಡಿ,” ಎಂದು ಅವನು ಬಚ್ಚಲಿನ ಕೊಳವೆಗೆ ಜೋಡಿಸಿದ ನೀಲಿ ಡ್ರಮ್ಮನ್ನು ತಟ್ಟಿದ. “ನಮ್ಮ ಮೈಸೂರಲ್ಲಿ ಪೈಲ್ವಾನರನ್ನ ತಯಾರು ಮಾಡಲ್ವಾ, ಹಾಗೆ. ಮೋರಿ ನೀರಿನ ಬ್ಯಾಕ್ಟೀರಿಯಾಗೆ ಇವತ್ತು ಒಂದು ಹನಿ ಫಿನಾಯಿಲು, ನಾಳೆ ಎರಡು. ತಡೀಲಾರದೋವು ಸಾಯ್ತವೆ, ಉಳಿದೋವು ಜಟ್ಟಿಗಳಾಗ್ತವೆ. ಫಿನಾಯಿಲು, ಸೋಪು, ಬಣ್ಣ, ಏನಿದ್ರೂ ತಿಂದು ಅರಗಿಸಿಕೊಳ್ತವೆ. ಆಮೇಲೆ ಬೀದಿ ಮೋರಿಗೆ ಬಿಟ್ರೆ ಆಯ್ತು, ಕೆರೇಲಿ ನೊರೇನೇ ಇರಲ್ಲ.”

“ಅದೆಲ್ಲ ತಿಂದು ಮುಗಿಸಿದ ಮೇಲೆ ಏನು ತಿಂತವೆ?”

“ಬಾಯಿ ತೆಗೆದ್ರೆ ಅಪಶಕುನ ನಿಂದು.”

ಡ್ರಮ್ಮಿನೊಳಗೆ ಯಾರೋ ತೊಡೆ ತಟ್ಟಿದ ಹಾಗೆ ಸದ್ದಾಯಿತು. ವಿಶಾಲಾಕ್ಷಿ ಸೆರಗು ಬಿಗಿಮಾಡಿಕೊಂಡು ಅಡುಗೆಮನೆಗೆ ಹೋಗಿಬಿಟ್ಟಳು.

ಎಡವಟ್ಟಾದದ್ದು ಸೋಮವಾರ. ಆ ಮನೆಯಲ್ಲಿ ಸೋಮವಾರ ಶಿವಪೂಜೆಗೆ ಮೊದಲು ಇಡೀ ಮನೆ ತೊಳೆಯಬೇಕು. ಅತ್ತೆ ಪುಟ್ಟಗೌರಮ್ಮ ಹಾಕಿಕೊಟ್ಟ ಪದ್ಧತಿ, ತಪ್ಪುವಂತಿಲ್ಲ. ವಿಶಾಲಾಕ್ಷಿ ಎಂದಿನ ಹಾಗೆ ಫಿನಾಯಿಲು, ಬ್ಲೀಚಿಂಗ್ ಪುಡಿ, ಸೋಪಿನ ಪುಡಿ ಕಲಸಿ, ಕೋಣೆಕೋಣೆ ತೊಳೆದು, ಅಷ್ಟನ್ನೂ ಬಚ್ಚಲಿಗೆ ತಳ್ಳಿದಳು. ಗರಡಿಯ ನೆನಪಾಗುವಷ್ಟರಲ್ಲಿ ಬಕೆಟ್ಟು ಖಾಲಿಯಾಗಿತ್ತು. ಹನಿ ಲೆಕ್ಕದಲ್ಲಿ ಉಣ್ಣುತ್ತಿದ್ದ ಜಟ್ಟಿಗಳಿಗೆ ಮದುವೆಯೂಟ ಬಡಿಸಿದಂತಾಯಿತು.

ಬಚ್ಚಲಿನ ತೂತಿನಿಂದ ಗಳಗಳ ಎನ್ನುತ್ತ ನೊರೆ ಮೇಲೆದ್ದಿತು. ಮೊಣಕಾಲೆತ್ತರವಾಯಿತು. ಫಿನಾಯಿಲು ಬಾಟಲಿಯನ್ನು ತಬ್ಬಿ ಬರಿದು ಮಾಡಿ ಉರುಳಿಸಿತು. ವಿಶಾಲಾಕ್ಷಿಯ ಕೈಯಿಂದ ಪೊರಕೆ ಬಿತ್ತು.

“ರೀ, ಬೇಗ ಬನ್ರೀ, ಇದು ಹೊರಗೆ ಬರ್ತಿದೆ!”

ಗುರುಮಲ್ಲಪ್ಪ ಓಡಿಬಂದವನೇ ಉಳಿದಿದ್ದ ಬ್ಲೀಚಿಂಗ್ ಪುಡಿಯನ್ನೆಲ್ಲ ಎರಚಿದ. ನೊರೆ ಸೊಂಟದೆತ್ತರಕ್ಕೆ ಬೆಳೆಯಿತು. ಬಚ್ಚಲು ದಾಟಿ ಪಡಸಾಲೆಗೆ ಬಂತು. ಅವನು ಗುಟ್ಟಾಗಿ ಇಟ್ಟುಕೊಂಡಿದ್ದ ತಲೆಗೂದಲಿನ ಬಣ್ಣವನ್ನು ನುಂಗಿ ಕಪ್ಪಗಾಯಿತು, ಬೀರುವಿನ ಸಂದಿಗೆ ನುಗ್ಗಿ ನುಸಿಗುಳಿಗೆ ಮುಗಿಸಿತು. ಆಮೇಲೆ ಒಂದು ಕ್ಷಣ ನಿಂತು, ಏನನ್ನೋ ಮೂಸಿದ ಹಾಗೆ ಮಾಡಿ, ಕೊನೆಯ ಕೋಣೆಯ ಕಡೆ ತಿರುಗಿತು.

ಅಲ್ಲಿ ಪುಟ್ಟಗೌರಮ್ಮ ಎರಡೂ ಮೊಣಕಾಲಿಗೆ ನೋವಿನ ಮುಲಾಮು ಬಳಿದುಕೊಂಡು, ಕಿವಿಯ ಯಂತ್ರ ಬಿಚ್ಚಿಟ್ಟು, ಚಿಲಕ ಹಾಕಿಕೊಂಡು ಮಲಗಿದ್ದರು.

“ಅಯ್ಯೋ, ಅತ್ತೆ!”

ಮದುವೆಯಾಗಿ ಬಂದಾಗಿನಿಂದ ಉಪ್ಪಿಗೆ ಒಂದು, ಹುಳಿಗೆ ಒಂದು ಎಂದು ಜಗಳವಾಡಿದ ಅತ್ತೆ. ಆದರೂ ಆ ಗೊಣಗಾಟವಿಲ್ಲದ ಮನೆ ವಿಶಾಲಾಕ್ಷಿಯ ಕಣ್ಣಮುಂದೆ ಬಂತು. ಬಾಗಿಲು ಬಡಿದಳು, ಕೂಗಿದಳು. ಒಳಗಿನಿಂದ ಗೊರಕೆ ಮಾತ್ರ ಕೇಳುತ್ತಿತ್ತು. ನೊರೆ ಬಾಗಿಲ ಕೆಳಗೆ ನುಸುಳತೊಡಗಿತು.

“ವಿಷ ತಿಂದು ಬೆಳೆದೋವು ಇವು,” ಎಂದ ಗುರುಮಲ್ಲಪ್ಪ. “ಶುದ್ಧ ನೀರು ಇವಕ್ಕೆ ಗೊತ್ತೇ ಇಲ್ಲ. ಶುದ್ಧ ನೀರು ತಾ!”

ಅವಳು ಅಡುಗೆಮನೆಯ ನಲ್ಲಿಯಿಂದ ಕೊಡ ತುಂಬಿ ತಂದು ಸುರಿದಳು. ನೊರೆ ಅದನ್ನು ಸೊರ್ರನೆ ಹೀರಿಕೊಂಡು ಇನ್ನೊಂದು ಗೇಣು ಎದ್ದಿತು.

ಇಬ್ಬರೂ ಖಾಲಿ ಕೊಡ ನೋಡಿದರು. ದಿನಾ ಕುಡಿಯುವ ನೀರು ಅದು. ವಿಶಾಲಾಕ್ಷಿಗೆ ಆಗ ಆದ ಭಯ ನೊರೆ ಕಂಡಾಗಲೂ ಆಗಿರಲಿಲ್ಲ.

“ಇನ್ವರ್ಟರ್ ಬ್ಯಾಟರಿಗೆ ಹಾಕೋ ಶುದ್ಧ ನೀರಿದೆ!” ಎಂದು ಗುರುಮಲ್ಲಪ್ಪ ಕ್ಯಾನು ತಂದ. ಇಬ್ಬರೂ ಹೆಗಲು ಕೊಟ್ಟು ಬಾಗಿಲು ನೂಕಿದರು, ಚಿಲಕ ಕಿತ್ತುಬಂತು. ಕರಿನೊರೆ ಮಂಚ ಹತ್ತಿ ಮುದುಕಿಯ ಮೊಣಕಾಲನ್ನು ಚಪ್ಪರಿಸುತ್ತಿತ್ತು. ವಿಶಾಲಾಕ್ಷಿ ಕಣ್ಣುಮುಚ್ಚಿ ಕ್ಯಾನು ಬಗ್ಗಿಸಿದಳು. ಭಟ್ಟಿ ಇಳಿಸಿದ ನೀರು ತಾಗಿದ್ದೇ ತಡ, ಒಗ್ಗರಣೆ ಸಿಡಿದಂತೆ ಚಟಪಟ ಎಂದು ಗುಳ್ಳೆಗಳೆಲ್ಲ ಒಡೆದವು. ಜಟ್ಟಿಗಳ ಗುರುತಿಗೆ ನೆಲದ ಮೇಲೆ ಒಂದಿಷ್ಟು ಕರಿ ಕೆಸರು ಉಳಿಯಿತು.

ಪುಟ್ಟಗೌರಮ್ಮ ಎದ್ದು ಕೂತು ಕಿವಿಯ ಯಂತ್ರ ಸಿಕ್ಕಿಸಿಕೊಂಡರು. “ನನ್ನ ಮುಲಾಮು ಯಾರು ಒರೆಸಿದ್ದು?”

ವಿಶಾಲಾಕ್ಷಿ ಅವರ ಕಾಲು ಹಿಡಿದು ಅತ್ತಳು. ಅತ್ತೆಗೆ ಗಾಬರಿಯಾಯಿತು. “ಸುಮ್ಕಿರವ್ವ, ಮುಲಾಮು ಹೋದ್ರೆ ಹೋಗ್ಲಿ. ಬಾಯಾರಿದೆ, ಒಂದು ಲೋಟ ನೀರು ಕೊಡು.”

ನಲ್ಲಿಯ ಕಡೆ ಹೋಗಲು ಅವಳಿಗೆ ಕಾಲು ಬರಲಿಲ್ಲ. ಕ್ಯಾನಿನ ತಳದಲ್ಲಿದ್ದ ಶುದ್ಧ ನೀರನ್ನೇ ಬಗ್ಗಿಸಿಕೊಟ್ಟಳು. ಪುಟ್ಟಗೌರಮ್ಮ ಒಂದು ಗುಟುಕು ಕುಡಿದರು. ಮುಖ ಹಿಂಡಿ ಉಗಿದರು. ಮೈ ಗಡಗಡ ನಡುಗಿತು.

“ಥೂ, ಇದ್ಯಾವ ನೀರು? ಒಳಗೆಲ್ಲ ಚಟಪಟ ಅಂತದೆ. ನಂಗೆ ಒಗ್ಗಲ್ಲ, ನಲ್ಲೀದೇ ಕೊಡು.”

ವಿಶಾಲಾಕ್ಷಿ ಮೆಲ್ಲಗೆ ಗಂಡನ ಕಡೆ ತಿರುಗಿದಳು. ಗುರುಮಲ್ಲಪ್ಪ ಅವಳ ಕಣ್ಣು ತಪ್ಪಿಸಿ ಲೋಟ ತೆಗೆದುಕೊಂಡ.

“ಹಳೇ ಜಟ್ಟಿ,” ಎಂದಷ್ಟೇ ಹೇಳಿ, ನಲ್ಲಿ ತಿರುಗಿಸಲು ಹೋದ.