ಒಂದು ‘ಟಿ’ ಹೆಚ್ಚಾದ ಚಳಿಗಾಲ

ಐಸ್‌ಲ್ಯಾಂಡ್ ಮತ್ತು ಫರೋ ದ್ವೀಪಗಳಲ್ಲಿ ‘ಚಳಿಗಾಲ’ ಎಂಬ ಅರ್ಥದಲ್ಲಿ ಏಕಕಾಲಕ್ಕೆ ಸೇವೆ ಸಲ್ಲಿಸುತ್ತಿರುವ ಮಾನ್ಯ ‘ವೆಟುರ್’ ಪದದವರ ಸನ್ನಿಧಿಗೆ,

ಮಾನ್ಯರೇ,

ಸೆಪ್ಟೆಂಬರ್ ತಿಂಗಳಲ್ಲೂ ನಲ್ಲಿಯ ತಣ್ಣೀರಿನಲ್ಲೇ ಚಹಾ ಮಾಡಬಹುದಾದ ಸೌದಿಯ ಅಲ್ ಖೋಬರ್ ನಗರದಿಂದ, ಹತ್ತೊಂಬತ್ತು ವರ್ಷಗಳಿಂದ ಮನೆಮನೆಯ ಏಸಿ ರಿಪೇರಿ ಮಾಡಿಸುತ್ತ ಒಂದರ್ಥದಲ್ಲಿ ತಮ್ಮದೇ ಇಲಾಖೆಯಲ್ಲಿ ದುಡಿಯುತ್ತಿರುವ ಉಚ್ಚಿಲದ ಝುಹೈರ್ ಮಾಡುವ ಅನಂತ ಸಲಾಮುಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನನ್ನ ಮಾನವೊಂದನ್ನು ಬಿಟ್ಟು ಉಳಿದೆಲ್ಲವೂ ಕ್ಷೇಮ.

ನನ್ನ ಮಗಳು ಅಸೀಲಾ ಇಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಐದನೆಯ ತರಗತಿ. ಶಾಲೆಯ ಭಾಷಾ ಉತ್ಸವಕ್ಕೆ ಎಲ್ಲ ಮಕ್ಕಳೂ ಫ್ರೆಂಚ್, ಜರ್ಮನ್ ಎಂದು ಮುಗಿಬಿದ್ದಾಗ, ಇವಳು ಮಾತ್ರ ಯಾರೂ ಕೇಳದ ಎರಡು ಭಾಷೆಗಳನ್ನು ಆರಿಸಿ, ಮೂರು ವಾರ ಅಂತರ್ಜಾಲದಲ್ಲಿ ಹುಡುಕಿ, ನಾಲ್ಕು ಋತುಗಳ ಹೆಸರುಗಳನ್ನು ಚಾರ್ಟಿನಲ್ಲಿ ಅಕ್ಕಪಕ್ಕ ಬರೆದಿದ್ದಳು. ಉತ್ಸವದ ದಿನ ಬೆಳಿಗ್ಗೆ, ಅವಳು ಹಲ್ಲುಜ್ಜುತ್ತಿದ್ದಾಗ, ತಂದೆಯ ಕರ್ತವ್ಯವೆಂದು ನಾನು ಅದರ ಮೇಲೆ ಕಣ್ಣಾಡಿಸಿದೆ. ಐಸ್‌ಲ್ಯಾಂಡಿನವರ ಬೇಸಿಗೆ ‘ಸುಮರ್’, ಫರೋದವರದು ‘ಸುಮ್ಮರ್’. (ಬೇಸಿಗೆಯನ್ನು ಸುಮಾರು ಎನ್ನುವ ಜನ ನಮ್ಮ ಆಗಸ್ಟ್ ತಿಂಗಳನ್ನು ಕಂಡವರಲ್ಲ, ಇರಲಿ.) ವಸಂತಕ್ಕೂ ಶರತ್ಕಾಲಕ್ಕೂ ಅಷ್ಟಿಷ್ಟು ವ್ಯತ್ಯಾಸ ಇತ್ತು. ಆದರೆ ಕೊನೆಯ ಸಾಲಿನಲ್ಲಿ ತಾವು ಎರಡೂ ಕಡೆ ಒಂದೇ ಅಂಗಿ ತೊಟ್ಟು, ಏನೂ ಆಗದವರಂತೆ ನಿಂತಿದ್ದಿರಿ.

ಮಗಳು ಸುಸ್ತಾಗಿ ನಕಲು ಹೊಡೆದಿದ್ದಾಳೆ ಎಂದುಕೊಂಡೆ. ಬೇಸಿಗೆಗೆ ಒಂದು ‘ಎಂ’ ಹೆಚ್ಚು ಕೊಟ್ಟ ದೇಶ ಚಳಿಗಾಲಕ್ಕೆ ಜಿಪುಣತನ ಮಾಡೀತೇ ಎಂದು ನ್ಯಾಯವಾಗಿ ಯೋಚಿಸಿ, ಫರೋದ ಕಡೆಯ ತಮಗೆ ಕಪ್ಪು ಮಾರ್ಕರಿನಲ್ಲಿ ಇನ್ನೊಂದು ‘ಟಿ’ ಸೇರಿಸಿ ‘ವೆಟ್ಟುರ್’ ಎಂದು ಬಡ್ತಿ ನೀಡಿದೆ. ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೈಗೆ ಕೊಟ್ಟೆ. ಅವಳು ಬಿಚ್ಚಿ ನೋಡಲಿಲ್ಲ. ತನ್ನ ಅಬ್ಬನನ್ನು ನಂಬಿದ್ದಳು.

ಅಂದಿನ ಮೂವರು ತೀರ್ಪುಗಾರರಲ್ಲಿ ಒಬ್ಬರು, ಯಾವುದೋ ಮೀನಿನ ಕಂಪನಿಯ ಇಂಜಿನಿಯರರ ಪತ್ನಿ, ಸಾಕ್ಷಾತ್ ಫರೋ ದ್ವೀಪದವರಾಗಿರಬೇಕೆಂಬುದು ಯಾರ ಏರ್ಪಾಡು ಎಂದು ನಾನು ತಮ್ಮನ್ನು ಕೇಳುವುದಿಲ್ಲ. ಆಕೆ ಚಾರ್ಟಿನ ಹತ್ತಿರ ಬಾಗಿ, ಕನ್ನಡಕ ಸರಿಮಾಡಿಕೊಂಡು, ಮೈಕಿನಲ್ಲೇ ನಗುತ್ತಾ ಹೇಳಿದರು: “ಮಗೂ, ನಮ್ಮಲ್ಲಿ ಚಳಿ ಬಹಳ ನಿಜ. ಆದರೂ ಒಂದೇ ‘ಟಿ’ ಸಾಕಾಗುತ್ತದೆ.”

ಸಭಾಂಗಣ ನಕ್ಕಿತು. ಅಸೀಲಾ ತಿರುಗಿ ಚಾರ್ಟು ನೋಡಿದಳು. “ಮೇಡಂ, ನಾನು ಒಂದೇ ಬರೆದಿದ್ದೆ,” ಎಂದಳು. ಅವಳ ಕ್ಲಾಸ್ ಟೀಚರ್, “ತಪ್ಪಾದರೆ ತಪ್ಪಾಯಿತು ಅನ್ನಬೇಕು, ಸುಳ್ಳು ಹೇಳಬಾರದು,” ಎಂದರು. ಅವಳು ತೋಳಿನಿಂದ ಕಣ್ಣೊರೆಸಿಕೊಳ್ಳತೊಡಗಿದಳು.

ಮೂರನೆಯ ಸಾಲಿನಲ್ಲಿದ್ದ ನಾನು ಆ ಕ್ಷಣದಲ್ಲಿ ಮೊಬೈಲಿನಲ್ಲಿ ಅತ್ಯಂತ ತುರ್ತಿನ ಏನನ್ನೋ ಓದುತ್ತಿದ್ದೆ. ಮೊಬೈಲ್ ಆಫ್ ಆಗಿತ್ತು ಎಂಬುದನ್ನು ಪಕ್ಕದಲ್ಲಿದ್ದ ನನ್ನ ಹೆಂಡತಿ ಜಸ್ನಾ ಗಮನಿಸಿದಳು. “ಎಂತ ನೋಡುದು ನೀವು? ಎದ್ದು ಹೇಳಿ ಮಾರಾಯ್ರೆ, ಮಗು ಅಳ್ತದೆ!” ಎಂದು ಮೊಣಕೈಯಿಂದ ತಿವಿದಳು.

ಎದ್ದೆ. ನನಗೆ ವೀಸಾ ಕೊಟ್ಟ ಕಫೀಲನ ಮುಂದೆಯೂ ಹಾಗೆ ಬೆವರಿದವನಲ್ಲ. “ಟೀಚರ್, ಅವಳು ಸುಳ್ಳು ಹೇಳಿಲ್ಲ. ಆ ‘ಟಿ’ ನನ್ನದು,” ಎಂದೆ. ಯಾಕೆ ಎಂದು ಫರೋದ ಮೇಡಂ ಕೇಳಿದರು. “ಎರಡು ದೇಶ ಅಲ್ವಾ ಮೇಡಂ, ಒಂದೇ ಶಬ್ದ ಸಾಕಾಗ್ಲಿಕ್ಕಿಲ್ಲ ಅಂತ ಕಂಡಿತು,” ಎಂದೆ. ಈ ಬಾರಿ ಸಭಾಂಗಣ ನಕ್ಕಿದ್ದು ನನ್ನನ್ನು ನೋಡಿ. ಟೀಚರ್ ಅಸೀಲಾಳ ತಲೆ ಸವರಿ ಕ್ಷಮೆ ಕೇಳಿದರು. ಬಹುಮಾನವನ್ನಂತೂ ಫ್ರೆಂಚ್ ಚಾರ್ಟು ಹೊಡೆದುಕೊಂಡಿತು.

ಮನೆಗೆ ಮರಳುವಾಗ ಕಾರು ಸಿಗ್ನಲಿನಲ್ಲಿ ನಿಂತಾಗ ಅವಳು, “ಅಬ್ಬಾ, ನಿಮಗೆ ಡೌಟ್ ಇದ್ರೆ ನನ್ನನ್ನೇ ಕೇಳ್ಬಹುದಿತ್ತಲ್ಲ?” ಎಂದಳು. ಬೈದಿದ್ದರೆ ಒಳ್ಳೆಯದಿತ್ತು ಮಾನ್ಯರೇ. ಹಸಿರು ದೀಪ ಬಂದದ್ದೂ ನನಗೆ ಕಾಣಲಿಲ್ಲ, ಹಿಂದಿನವರು ಹಾರ್ನ್ ಹೊಡೆದರು.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ಎರಡು ರಾಷ್ಟ್ರಗಳ ಹಿಮ, ಕತ್ತಲೆ, ಬಿರುಗಾಳಿಗಳನ್ನು ಒಂದೇ ಕಾಗುಣಿತದಲ್ಲಿ ನಿಭಾಯಿಸುವ ತಮ್ಮ ಮಿತವ್ಯಯವನ್ನು ಹೊಗಳಲು ಪದಗಳಿಲ್ಲವಾದರೂ, ಸಂದೇಹಜೀವಿಗಳಾದ ತಂದೆಯಂದಿರ ಹಿತದೃಷ್ಟಿಯಿಂದ ಯಾವುದಾದರೂ ಒಂದು ದೇಶದಲ್ಲಿ ತಾವು ಸ್ವಲ್ಪ ಬದಲಾಗಬೇಕು. ಅದಾಗದಿದ್ದರೆ, ಅಸೀಲಾ ಬರೆದದ್ದೇ ಸರಿ ಎಂದು ತಮ್ಮ ಎರಡೂ ದೇಶಗಳ ಮೊಹರಿನೊಂದಿಗೆ ಪ್ರಮಾಣಪತ್ರ ಕಳುಹಿಸಬೇಕು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಕೆಲಸ ನನ್ನದು.

ತಪ್ಪೊಪ್ಪಿಕೊಂಡೂ ಸೋಲೊಪ್ಪದ,
ತಮ್ಮ ವಿಶ್ವಾಸಿ,
ಝುಹೈರ್

ತಾ.ಕ.: ಮಗಳ ಹೆಸರು ಪಾಸ್‌ಪೋರ್ಟಿನಲ್ಲಿ ಇಂಗ್ಲಿಷಿನ ಎರಡು ‘ಇ’ ಹಾಕಿ, ಇಲ್ಲಿನ ವಾಸದ ಪರವಾನಗಿಯಾದ ಇಕಾಮಾದಲ್ಲಿ ಒಂದೇ ‘ಐ’ ಹಾಕಿ ಅಚ್ಚಾಗಿದೆ ಎಂದು ನಿನ್ನೆ ಅವಳೇ ಕಂಡುಹಿಡಿದಳು. ಎರಡೂ ಅರ್ಜಿ ತುಂಬಿದವನು ನಾನು. ಎರಡು ದೇಶಗಳಲ್ಲಿ ಒಂದೇ ಹೆಸರಿನಿಂದ ಬದುಕುವುದಕ್ಕೆ ಯಾವ ಕಚೇರಿಯಲ್ಲಿ, ಯಾವ ಕಿಟಕಿಯ ಮುಂದೆ ನಿಲ್ಲಬೇಕೆಂದು ತಾವು ದಯವಿಟ್ಟು ತಿಳಿಸಬೇಕು. ಉತ್ತರವನ್ನು ನೇರ ಅವಳ ಹೆಸರಿಗೇ ಬರೆಯಿರಿ, ನಾನು ಒಡೆದು ನೋಡುವುದಿಲ್ಲ.